ತಟ್ಟೆಯಲ್ಲಿ ಉಳಿದ ಪಾಲು

ನಾನು ಜನರಿಗೆ ಸಭೆ ನಡೆಸುವುದನ್ನು ಕಲಿಸುತ್ತಿದ್ದೆ. ಇದೂ ಒಂದು ನೌಕರಿಯೇ ಎಂದು ನಗಬೇಡಿ, ನನ್ನ ಭಾವಮೈದ ನಿಮ್ಮ ಪಾಲಿನದನ್ನೂ ಸೇರಿಸಿ ನಕ್ಕು ಮುಗಿಸಿದ್ದಾನೆ. ಆಗ ಹೆರಿಗೆಮನೆ, ಶಿಶುವಿಹಾರ, ವಿದ್ಯಾರ್ಥಿನಿಲಯ, ವಾಚನಾಲಯ ಎಂದು ಊರೂರಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ನಡೆಸುವುದು ಊರಿನವರದೇ ಒಂದು ಸಮಿತಿ. ಸಮಿತಿಯವರಿಗೆ ಕ್ರಮ ಗೊತ್ತಿಲ್ಲ, ಕಲಿಸಿ ಎಂದು ಮೇಲಿನ ಯಾರಿಗೋ ಹೊಳೆಯಿತು. ಮೂರು ದಿನದ ತರಬೇತಿಗೆ ಬಂದು ಪ್ರಮಾಣಪತ್ರ ಪಡೆಯದ ಸಮಿತಿಗೆ ಸಹಾಯಧನವಿಲ್ಲ ಎಂದು ಹುಕುಂ ಆಯಿತು. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಸುಮ್ಮನೆ ಕೂತಿದ್ದವನು ನಾನೊಬ್ಬನೇ. ಹಾಗಾಗಿ ನಾನು ಬೋಧಕನಾದೆ.

ಒಂದು ತಗಡಿನ ಪೆಟ್ಟಿಗೆ, ಸುತ್ತಿಡುವ ಕಪ್ಪು ಬಟ್ಟೆಯ ಹಲಗೆ, ಒಂದು ಕೈಗಂಟೆ ಹಿಡಿದು ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಬಸ್ಸು ಹತ್ತಿ ಇಳಿದೆ. ಅಲೀಪುರದ ವಾಚನಾಲಯದವರು ನಡಾವಳಿಯನ್ನು ಮುದ್ದಾದ ಉರ್ದುವಿನಲ್ಲಿ ಬರೆದು ತಂದಿದ್ದರು. ಒಂದಕ್ಷರ ಓದಲು ಬಾರದಿದ್ದರೂ ‘ಸರಿಯಾಗಿದೆ’ ಎಂದು ರುಜು ಹಾಕಿ ಕಳಿಸಿದೆ. ನಾನು ಎಂಥವನು ಎಂಬುದು ನಿಮಗೆ ಇಷ್ಟರಲ್ಲೇ ತಿಳಿಯಲಿ ಎಂದು ಇದನ್ನು ಹೇಳಿದೆ.

ನಾನು ಹೇಳಬೇಕಾದದ್ದು ಕೊಂಡಮಿಟ್ಟೇಹಳ್ಳಿಯ ಹೆರಿಗೆಮನೆಯ ವಿಷಯ. ಚಿಂತಾಮಣಿಯಿಂದ ಆರು ಮೈಲಿ. ಊರಿಗೂ ಹರಿಜನರ ಕೇರಿಗೂ ನಡುವೆ, ರಸ್ತೆಯ ಪಕ್ಕದಲ್ಲಿ ಎರಡು ಕೋಣೆಯ ಹೆಂಚಿನ ಕಟ್ಟಡ. ಅದನ್ನು ಅಲ್ಲಿ ಕಟ್ಟಿಸಿದವನು ಬಯ್ಯಪ್ಪ ಎಂಬ ಹಳೆಯ ಯಜಮಾನ. ಊರೊಳಗೆ ಕಟ್ಟಿದರೆ ಕೇರಿಯ ಹೆಂಗಸರು ಬರುವುದಿಲ್ಲ, ಕೇರಿಯಲ್ಲಿ ಕಟ್ಟಿದರೆ ಊರಿನವರು ಬರುವುದಿಲ್ಲ, ನೋವು ತಿನ್ನುವವಳು ಎರಡು ಕಡೆಯಿಂದಲೂ ನಡೆದು ಬರುವ ಹಾಗಿರಲಿ ಎಂದು ಅವನು ಹಟ ಹಿಡಿದಿದ್ದನಂತೆ. ಕದಿರಮ್ಮ ಎಂಬ ತರಬೇತಾದ ಸೂಲಗಿತ್ತಿ ಅಲ್ಲೇ ವಾಸ. ನಾಲ್ಕು ವರ್ಷದಲ್ಲಿ ಅಲ್ಲಿ ಒಂದೂ ತಾಯಿ ಸತ್ತಿರಲಿಲ್ಲ.

ಸಮಿತಿಗೆ ಏಳು ಜನ. ಅಧ್ಯಕ್ಷ ನರಸಿಂಹಪ್ಪ, ಊರಿನ ದೊಡ್ಡ ಹಿಡುವಳಿದಾರ. ಕಾರ್ಯದರ್ಶಿ ಶಾಲೆಯ ಮೇಷ್ಟರು ಮುನಿನಾರಾಯಣಪ್ಪ. ಕೇರಿಯ ಪರವಾಗಿ ಆವಲಪ್ಪ. ಹೆಂಗಸೊಬ್ಬಳು ಇರಲೇಬೇಕು ಎಂದು ನಿಯಮ ಇದ್ದುದರಿಂದ ನರಸಿಂಹಪ್ಪ ತನ್ನ ತಮ್ಮನ ಹೆಂಡತಿ ಅಕ್ಕಯ್ಯಮ್ಮನನ್ನೇ ಹಾಕಿಕೊಂಡಿದ್ದ. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ಬಾಯಿ ಬಿಡುವ ಪದ್ಧತಿಯಿಲ್ಲ. ಅಂಥ ಸದಸ್ಯೆ ಯಾವ ಅಧ್ಯಕ್ಷನಿಗೆ ಬೇಡ?

ಅಧ್ಯಕ್ಷರು, ಕಾರ್ಯದರ್ಶಿಗಳಿಗೆ ಮೊದಲ ತಂಡ, ಉಳಿದ ಸದಸ್ಯರಿಗೆ ಎರಡನೆಯ ತಂಡ. ಅರವತ್ತೊಂದರ ಬೇಸಿಗೆ ರಜೆಯಲ್ಲಿ ಚಿಂತಾಮಣಿಯ ಶಾಲೆಯೊಂದರಲ್ಲಿ ಎರಡೂ ನಡೆದವು. ಮೊದಲ ತಂಡದಲ್ಲಿ ನರಸಿಂಹಪ್ಪ ಮುಂದಿನ ಬೆಂಚಿನಲ್ಲಿ ಕೂತು ಒಂದೂ ಮಾತು ಬಿಡದೆ ಬರೆದುಕೊಂಡ. ಏಳು ದಿನ ಮೊದಲು ನೋಟೀಸು, ಅದನ್ನು ಚಾವಡಿಯ ಬಾಗಿಲಿಗೆ ಅಂಟಿಸಿದರೂ ಕೊಟ್ಟ ಹಾಗೆಯೇ. ಏಳರಲ್ಲಿ ನಾಲ್ಕು ಜನ ಸೇರಿದರೆ ಕೋರಂ. ವಿಷಯಪಟ್ಟಿಯ ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು’. ಆಕ್ಷೇಪಣೆ ಇದೆಯೇ ಎಂದು ಮೂರು ಸಲ ಕೇಳಬೇಕು, ಯಾರೂ ಬಾಯಿ ಬಿಡದಿದ್ದರೆ ಸರ್ವಾನುಮತ. ಇಷ್ಟು ಶ್ರದ್ಧೆಯ ಶಿಷ್ಯ ನನಗೆ ಹಿಂದೆ ಸಿಕ್ಕಿರಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಎರಡನೆಯ ತಂಡಕ್ಕೆ ಅಕ್ಕಯ್ಯಮ್ಮ ಬಂದಳು, ಜೊತೆಗೆ ಸಮಿತಿಯ ಹಿರಿಯ ಸದಸ್ಯ ಬಯ್ಯಪ್ಪ, ನರಸಿಂಹಪ್ಪನ ಷಡ್ಡಕ. ಅವಳಿಗೆ ಇಪ್ಪತ್ತೈದರ ಆಸುಪಾಸು, ತವರಿನಲ್ಲಿ ಮಿಡ್ಲ್ ಸ್ಕೂಲಿನ ತನಕ ಓದಿದ್ದಳು. ಮೊದಲ ದಿನ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಕಳೆದಳು. ಎರಡನೆಯ ದಿನ ಅಣಕು ಸಭೆ ಮಾಡಿಸಿ ಅವಳನ್ನೇ ಅಧ್ಯಕ್ಷೆ ಮಾಡಿದೆ. ಗಂಟೆ ಬಾರಿಸಿ, ಕೂಗಾಡುತ್ತಿದ್ದ ಗಂಡಸರನ್ನು ಕೂರಿಸಿ, ಒಬ್ಬೊಬ್ಬರಿಗೂ ಮಾತಿಗೆ ಅವಕಾಶ ಕೊಟ್ಟು ಹತ್ತು ನಿಮಿಷದಲ್ಲಿ ನಿರ್ಣಯ ಮುಗಿಸಿದಳು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಅವಳು ನನ್ನನ್ನು ಒಂದು ಮಾತು ಕೇಳಿದಳು. ಭಾವನವರೆದುರು ನಾನು ಮಾತಾಡಿದವಳೇ ಅಲ್ಲ, ಅವರು ಅಧ್ಯಕ್ಷರಾಗಿ ಕೂತಿರುವಾಗ ಆಕ್ಷೇಪಣೆ ಎತ್ತುವುದು ಹೇಗೆ ಎಂದು. ಸಭೆಯಲ್ಲಿ ಭಾವ ಮಾವ ಯಾರೂ ಇರುವುದಿಲ್ಲ, ‘ಅಧ್ಯಕ್ಷರೇ’ ಎಂದು ಶುರುಮಾಡಿದರೆ ಮುಂದಿನ ಮಾತು ತಾನಾಗಿ ಬರುತ್ತದೆ ಎಂದೆ. ಹೇಳುವುದಕ್ಕೇನು, ಆ ಮನೆಯಲ್ಲಿ ಬಾಳಬೇಕಾದವನು ನಾನಲ್ಲವಲ್ಲ. ಅವಳು ‘ಅಧ್ಯಕ್ಷರೇ, ನನ್ನದೊಂದು ಮಾತಿದೆ’ ಎಂದು ಎರಡು ಮೂರು ಸಲ ಮೆಲ್ಲಗೆ ಹೇಳಿ ನೋಡಿಕೊಂಡಳು. ಸಭೆ ತಪ್ಪಿಸಬಾರದು, ಹಾಜರಿ ಸದಸ್ಯನ ಮೊದಲ ಕರ್ತವ್ಯ ಎಂದೂ ಹೇಳಿದೆ. ಅದನ್ನು ಅವಳು ಬರೆದುಕೊಂಡಳು.

ಕೊನೆಯ ದಿನ ಬಯ್ಯಪ್ಪ ಎದ್ದು ನಿಂತ.

“ಸಾಮಿ, ನಮ್ಮೂರಾಗೆ ಮಾತು ಮುಗಿದ್ಮೇಲೆ ತಟ್ಟೇಲಿ ಆಕು ವಕ್ಕ ಬರ್ತದೆ, ಎಲೆ ಅಡಿಕೆ. ಒಪ್ಕೊಂಡೋರು ತಮ್ ಪಾಲು ತಗೊಂತಾರೆ. ಒಪ್ದೇ ಇರೋರು ತಟ್ಟೇಲೇ ಬಿಡ್ತಾರೆ. ಒಂದ್ ಪಾಲು ಉಳಿದ್ರೂ ಮಾತು ಮುಗೀಲಿಲ್ಲ ಅಂತ, ಮುಂದಿನ್ವಾರ ಮತ್ತೆ ಕೂತ್ಕಂತೀವಿ. ಇದನ್ನ ಪುಸ್ತಕದಾಗೆ ಎಲ್ಲಿ ಬರೀಬೇಕು?”

ಮೂರು ದಿನ ಒಂದೇ ಪಾಠ ಒದರಿ ಗಂಟಲು ಕಟ್ಟಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಯಜಮಾನರೇ, ಎಲೆ ಅಡಿಕೆ ಜೀರ್ಣಕ್ಕೆ ಒಳ್ಳೆಯದು, ಪುಸ್ತಕಕ್ಕಲ್ಲ, ಸಭೆಯಲ್ಲಿ ಬಾಯಿಂದ ಬಂದದ್ದು ಮಾತ್ರ ಮಾತು ಎಂದುಬಿಟ್ಟೆ. ಎಲ್ಲರೂ ನಕ್ಕರು. ಬಯ್ಯಪ್ಪನೂ ನಕ್ಕು ಕೂತುಕೊಂಡ. ಅಕ್ಕಯ್ಯಮ್ಮ ನಗಲಿಲ್ಲ, ಆದರೆ ಅದು ನನ್ನ ಕಣ್ಣಿಗೆ ಆಗ ಬೀಳಲಿಲ್ಲ.

ಇಷ್ಟಾದ ಮೇಲೆ ನಡೆದದ್ದನ್ನು ನನಗೆ ಹೇಳಿದವನು ಕಾರ್ಯದರ್ಶಿ ಮುನಿನಾರಾಯಣಪ್ಪ. ಕೇಳುವುದಕ್ಕೆ ನಾನು ಹೋದದ್ದು ಬಹಳ ತಡವಾಗಿ.

ಆ ವರ್ಷ ರೇಷ್ಮೆಗೂಡಿಗೆ ಒಳ್ಳೆಯ ಧಾರಣೆ. ನರಸಿಂಹಪ್ಪನ ಹಿಪ್ಪುನೇರಳೆ ತೋಟ ಹೆರಿಗೆಮನೆಗೆ ತಾಗಿಕೊಂಡೇ ಇತ್ತು. ಹುಳು ಸಾಕಲು ತಂಪಾದ, ಗಾಳಿಯಾಡುವ ಮನೆ ಬೇಕು. ಹೆಂಚಿನ ಆ ಎರಡು ಕೋಣೆ ಅವನ ಕಣ್ಣಿಗೆ ಹುಳುಮನೆಯಾಗಿ ಕಾಣತೊಡಗಿತು. ಹೆರಿಗೆಮನೆಯನ್ನು ತನ್ನ ಮನೆಯ ಅಂಗಳದ ಕೋಣೆಗೆ ಸಾಗಿಸುವುದು, ಖಾಲಿಯಾದ ಕಟ್ಟಡವನ್ನು ತಾನು ಬಾಡಿಗೆಗೆ ಹಿಡಿಯುವುದು. ಅವನ ಅಂಗಳ ದಾಟಿ ಕೇರಿಯ ಹೆಂಗಸು ಒಳಗೆ ಕಾಲಿಡುವುದಿಲ್ಲ ಎಂಬುದು ಊರಿನ ಕೂಸಿಗೂ ಗೊತ್ತು. ಅದನ್ನು ಯಾರೂ ಬಾಯಲ್ಲಿ ಹೇಳಬೇಕಾಗಿರಲಿಲ್ಲ.

ಜುಲೈ ತಿಂಗಳಲ್ಲಿ ಸಭೆ ಕರೆದ. ನೋಟೀಸನ್ನು ಏಳು ದಿನ ಮೊದಲೇ ಚಾವಡಿಯ ಬಾಗಿಲಿಗೆ ಅಂಟಿಸಿದ. ಆವಲಪ್ಪನಿಗೆ ಓದು ಬಾರದು, ಅವನು ಆಗ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿದ್ದ. ಬಯ್ಯಪ್ಪ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ. ಇನ್ನೊಬ್ಬ ಸದಸ್ಯ ಮಗಳ ಊರಿನಲ್ಲಿದ್ದ. ನರಸಿಂಹಪ್ಪನ ಪಡಸಾಲೆಯಲ್ಲಿ ಸೇರಿದವರು ನರಸಿಂಹಪ್ಪ, ಅವನ ಷಡ್ಡಕ, ಮುನಿನಾರಾಯಣಪ್ಪ, ಮತ್ತೆ ನಡುಮನೆಯ ಬಾಗಿಲಿಗೆ ಒರಗಿ ನಿಂತ ಅಕ್ಕಯ್ಯಮ್ಮ. ಹಾಜರಿ ಪುಸ್ತಕ ಅವಳ ಕೈಗೆ ಹೋಯಿತು. ಅವಳು ಅಂದವಾದ ಅಕ್ಷರದಲ್ಲಿ ರುಜು ಮಾಡಿದಳು.

ಮೊದಲಿನ ವಿಷಯಗಳು ಹತ್ತಿ, ಔಷಧಿ, ಕದಿರಮ್ಮನ ರಜೆ ಇಂಥವು. ಕೊನೆಗೆ ಅಧ್ಯಕ್ಷರ ಅಪ್ಪಣೆಯ ಇತರ ವಿಷಯ. ಸ್ಥಳಾಂತರದ ಮಾತು ಬಂದಾಗ ಅಕ್ಕಯ್ಯಮ್ಮ ತಲೆಯೆತ್ತಿದಳಂತೆ. ಹೆರಿಗೆಮನೆ ಕಟ್ಟುವ ಮೊದಲು ಅವಳ ಚೊಚ್ಚಲ ಮಗು ದನದ ಹಟ್ಟಿಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹುಟ್ಟಿ ಅಲ್ಲೇ ಸತ್ತಿತ್ತು. ಅವಳಿಗೆ ನಂಜೇರಿದಾಗ ಆರು ಮೈಲಿ ಓಡಿ ಚಿಂತಾಮಣಿಯಿಂದ ನರ್ಸಮ್ಮನನ್ನು ಕರೆತಂದವಳು ಆವಲಪ್ಪನ ಹೆಂಡತಿ ಓಬಳಮ್ಮ, ಅದೇ ಮನೆಯ ಹಟ್ಟಿ ಕೆಲಸದವಳು. ಆ ಓಬಳಮ್ಮ ಈಗ ಆರು ತಿಂಗಳ ಬಸುರಿ. ಅವಳ ಹಿಂದಿನ ಎರಡು ಹೆರಿಗೆಯೂ ಕಷ್ಟದ್ದೇ ಆಗಿ ಕದಿರಮ್ಮನ ಕೈಯಲ್ಲಿ ಬದುಕಿದ್ದಳು.

ನರಸಿಂಹಪ್ಪ ಆಕ್ಷೇಪಣೆ ಇದೆಯೇ ಎಂದು ಮೊದಲ ಸಲ ಕೇಳಿದ. ಅಕ್ಕಯ್ಯಮ್ಮನ ತುಟಿ ಅಲುಗಿತು. ಎರಡನೆಯ ಸಲ ಕೇಳಿದ. ಒಳಗಿನಿಂದ ಅವಳ ಅತ್ತೆ ಕೆಮ್ಮಿದಳು. ಮೂರನೆಯ ಸಲ ಕೇಳುವಾಗ ಅವನು ನೇರವಾಗಿ ಬಾಗಿಲ ಕಡೆಗೇ ನೋಡಿದ. ಏಳು ವರ್ಷ ಆ ಮುಖವನ್ನು ತಲೆಯೆತ್ತಿ ನೋಡದವಳು ಮೂರು ದಿನದ ತರಬೇತಿಯಿಂದ ಬಾಯಿ ಬಿಡುತ್ತಾಳೆಯೇ? ಬಾಯಿ ಬರಲಿಲ್ಲ.

ಆಮೇಲೆ ಪದ್ಧತಿಯ ಪ್ರಕಾರ ತಟ್ಟೆ ಬಂತು. ಷಡ್ಡಕ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. ಮುನಿನಾರಾಯಣಪ್ಪ ತನ್ನ ಪಾಲು ಜೇಬಿಗೆ ಇಳಿಸಿದ. ತಟ್ಟೆ ಬಾಗಿಲ ಹತ್ತಿರ ಹೋಯಿತು. ಅಕ್ಕಯ್ಯಮ್ಮ ತನ್ನ ಪಾಲನ್ನು ಮುಟ್ಟಲಿಲ್ಲ. ಬಗ್ಗಿ ಎರಡು ಬೆರಳಿನಿಂದ ತಟ್ಟೆಯನ್ನು ಪಡಸಾಲೆಯ ನಡುವಿಗೆ ದೂಡಿದಳು. ಅದು ಕಲ್ಲಿನ ಮೇಲೆ ಸದ್ದು ಮಾಡುತ್ತ ನರಸಿಂಹಪ್ಪನ ಮಂಡಿಯ ಹತ್ತಿರ ಬಂದು ನಿಂತಿತು. ಅವಳ ಅಜ್ಜನ ಕಾಲದಿಂದ ಆ ಸೀಮೆಯಲ್ಲಿ ‘ಒಲ್ಲೆ’ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ದನಿ ಇರಲಿಲ್ಲ. ತಾನು ಹೇಳಬೇಕಾದದ್ದನ್ನು ಎಲ್ಲರೆದುರು ಹೇಳಿಯಾಯಿತು, ಇನ್ನು ಮುಂದಿನ ವಾರ ಮತ್ತೆ ಕೂರಬೇಕಾಗುತ್ತದೆ ಎಂದುಕೊಂಡು ಅವಳು ಒಳಗೆ ಹೋದಳು.

ಮುನಿನಾರಾಯಣಪ್ಪನ ಪೆನ್ನು ನಿಂತಿತು. ಅವನು ಹೆದರುಪುಕ್ಕಲ, ಆದರೆ ಆ ಊರಿನವನೇ. ಪಾಲು ಉಳಿದಿದೆ ಎಂದ. ನರಸಿಂಹಪ್ಪನಿಗೆ ಕೋಪ ಬರಲಿಲ್ಲವಂತೆ.

“ಬಾಯಿಂದ ಬಂದಿದ್ದು ಮಾತ್ರ ಮಾತು ಅಂತ ಚಿಕ್ಕಬಳ್ಳಾಪುರದ ಮೇಷ್ಟ್ರು ಹೇಳವ್ರೆ ಕಣಯ್ಯ. ಮೂರು ಸಲ ಕೇಳ್ದೆ, ಯಾರಾನಾ ಬಾಯಿ ಬಿಟ್ರಾ? ಬರ್ಕೋ, ಸರ್ವಾನುಮತ.”

ಹೀಗೆ ನಾನು ಆ ಪಡಸಾಲೆಯಲ್ಲಿ ಇಲ್ಲದೆಯೂ ಇದ್ದೆ. ತರಬೇತಿಗೆ ಮೊದಲು ಆ ನರಸಿಂಹಪ್ಪನೇ ಎರಡು ಸಲ ಒಬ್ಬರ ಪಾಲು ಉಳಿಯಿತೆಂದು ಮಾತನ್ನು ಮುಂದಕ್ಕೆ ಹಾಕಿದ್ದನಂತೆ. ಮನಸ್ಸು ಒಳ್ಳೆಯದಾಗಿತ್ತೆಂದಲ್ಲ, ತಟ್ಟೆಯನ್ನು ದಾಟುವ ದಾರಿ ಅವನಿಗೆ ಗೊತ್ತಿರಲಿಲ್ಲ. ದಾರಿ ತೋರಿಸಿ ಪ್ರಮಾಣಪತ್ರ ಕೊಟ್ಟವನು ನಾನು.

ಮುಂದಿನ ವಾರ ಯಾರೂ ಕೂರಲಿಲ್ಲ. ಹೆರಿಗೆಮನೆಯ ಎರಡು ಮಂಚ, ತೊಟ್ಟಿಲು, ಔಷಧಿಯ ಬೀರು ಗಾಡಿಯಲ್ಲಿ ಅಂಗಳದ ಕೋಣೆಗೆ ಬಂದವು. ಖಾಲಿಯಾದ ಕಟ್ಟಡದಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿಟ್ಟರು, ಸೊಪ್ಪು ಹೆಚ್ಚುವ ಆಳುಗಳು ಬಂದರು. ಅಕ್ಕಯ್ಯಮ್ಮ ಗಂಡನಿಗೆ ಹೇಳಿದಳು, ಅವನು ಅಣ್ಣನ ಮಾತಿಗೆ ಎದುರಾಡುವವನಲ್ಲ. ಬಯ್ಯಪ್ಪನಿಗೆ ಹೇಳಿದಳು. ಅವನ ನಾಲಿಗೆಯೂ ಬಿದ್ದುಹೋಗಿತ್ತು, ಅತ್ತುಬಿಟ್ಟ. ಆಗಸ್ಟಿನ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಓದಿ ಸ್ಥಿರೀಕರಿಸಿದರು. ಆ ಸಭೆಗೆ ಅಕ್ಕಯ್ಯಮ್ಮ ಹೋಗಲಿಲ್ಲ. ಕೋರಂಗೆ ಬೇಕಾದ ನಾಲ್ಕನೆಯವನಾಗಿ ಮಗಳ ಊರಿನಿಂದ ಆ ಸದಸ್ಯ ಬಂದಿದ್ದ. ಸ್ಥಿರೀಕರಣವಾದ ಮೇಲೆ ಅದನ್ನು ತಿದ್ದುವ ಹಾಗಿಲ್ಲ, ಇದೂ ನನ್ನ ಪಾಠವೇ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಓಬಳಮ್ಮನಿಗೆ ನೋವು ಶುರುವಾಯಿತು. ಆವಲಪ್ಪ ಅವಳನ್ನು ನಡೆಸಿಕೊಂಡು ಅಂಗಳದ ಹೊರಗಿನ ತಡಿಕೆ ಬಾಗಿಲಿಗೆ ಬಂದ. ಕದಿರಮ್ಮ ಕೈ ತೊಳೆದುಕೊಂಡು ಹೊರಟಳು. ಮನೆಯ ಹಿರಿಯಳು, ಅಂದರೆ ನರಸಿಂಹಪ್ಪನ ತಾಯಿ, ಕೋಣೆಗೆ ಬೇಡ ಹಟ್ಟಿಗೆ ಕರೆದುಕೊಂಡು ಹೋಗಲಿ ಎಂದಳು. ಹಟ್ಟಿಯಲ್ಲಿ ಹೇಗೆ ಎಂದು ಕದಿರಮ್ಮ. ಹಾಗಾದರೆ ಕೇರಿಗೇ ಹೋಗು, ಹೋದವಳು ಆಮೇಲೆ ಈ ಕೋಣೆಗೆ ಬರಬೇಡ ಎಂದು ಹಿರಿಯಳು. ಒಂದು ಗಂಟೆಗೂ ಹೆಚ್ಚು ಹೊತ್ತು ಇದೇ ನಡೆಯಿತು, ಓಬಳಮ್ಮ ತಡಿಕೆಗೆ ಒರಗಿ ನೆಲದಲ್ಲೇ ಕೂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಕೊನೆಗೆ ಅಕ್ಕಯ್ಯಮ್ಮ ಎಲ್ಲರನ್ನೂ ದಾಟಿ ಅಂಗಳಕ್ಕಿಳಿದು ಅವಳ ಹತ್ತಿರ ಕೂತು ಗಾಡಿ ಹೂಡಿ ಎಂದಳು. ಅವಳ ಗಂಡ ಹೂಡಿದ. ಕದಿರಮ್ಮನೂ ಹತ್ತಿದಳು. ಚಿಂತಾಮಣಿ ಇನ್ನೂ ಎರಡು ಮೈಲಿ ಇರುವಾಗ, ಕೆರೆ ಏರಿಯ ಮೇಲೆ, ಓಬಳಮ್ಮ ಅಕ್ಕಯ್ಯಮ್ಮನ ತೊಡೆಯ ಮೇಲೆ ಸತ್ತಳು. ಮಗುವೂ ಉಳಿಯಲಿಲ್ಲ.

ನನಗೆ ಇದು ತಿಳಿದದ್ದು ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ, ತರಕಾರಿ ಮೂಟೆಗಳ ನಡುವೆ, ಯಾರೋ ಯಾರಿಗೋ ಹೇಳುತ್ತಿದ್ದಾಗ. ನಾನು ಆ ವಾರವೇ ಮೇಲಧಿಕಾರಿಗೆ ಕಾಗದ ಬರೆದೆ, ಕೇರಿಯವರಿಗೆ ಪ್ರವೇಶವಿಲ್ಲದ ಜಾಗಕ್ಕೆ ಹೆರಿಗೆಮನೆ ಹೋಗಿದೆ, ಸ್ಥಳಾಂತರವನ್ನು ರದ್ದು ಮಾಡಬೇಕು ಎಂದು. ನನ್ನ ನೌಕರಿಯಲ್ಲಿ ನಾನಾಗಿ ಬರೆದ ಕಾಗದ ಅದೊಂದೇ. ಉತ್ತರ ಬಂತು. ನಡಾವಳಿ ಪುಸ್ತಕವನ್ನು ತಪಾಸಣೆ ಮಾಡಿ, ಸದಸ್ಯರು ಯಾರಾದರೂ ಆಕ್ಷೇಪಣೆ ದಾಖಲಿಸಿದ್ದಾರೆಯೇ, ಕೋರಂ ಇತ್ತೇ ಎಂದು ವರದಿ ಕಳಿಸತಕ್ಕದ್ದು.

ಅವರೆಕಾಯಿಯ ಕಾಲ. ಕೊಂಡಮಿಟ್ಟೇಹಳ್ಳಿಯ ಚಾವಡಿಯಲ್ಲಿ ನನಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಪುಸ್ತಕ ತಂದಿಟ್ಟರು. ಅದರಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ನಾನು ಮೂರು ತಾಲ್ಲೂಕಿನಲ್ಲಿ ಕಂಡಿಲ್ಲ. ನೋಟೀಸಿನ ತಾರೀಖು ಸರಿ. ಹಾಜರಿ ಸರಿ. ‘ಜಾತಿ ಮತ ಭೇದವಿಲ್ಲದೆ ಎಲ್ಲರ ಅನುಕೂಲಕ್ಕಾಗಿ’ ಎಂಬ ಮಾತೂ ಇತ್ತು. ಮೂರು ಬಾರಿ ಕೇಳಲಾಗಿ ಯಾರೂ ಆಕ್ಷೇಪಿಸಲಿಲ್ಲವಾದ್ದರಿಂದ ಸರ್ವಾನುಮತದಿಂದ. ನನ್ನ ಹಲಗೆಯ ಮೇಲಿನ ವಾಕ್ಯ, ಒಂದಕ್ಷರ ತಪ್ಪಿಲ್ಲ. ನರಸಿಂಹಪ್ಪ ಪಕ್ಕದಲ್ಲಿ ಕೂತು ನಾನು ಹಾಳೆ ತಿರುವುವುದನ್ನು ನೋಡುತ್ತಿದ್ದ. ಮುನಿನಾರಾಯಣಪ್ಪ ಮುಂಚೆಯೇ ನನ್ನನ್ನು ಶಾಲೆಯ ಹಿಂದೆ ಕರೆದು ಎಲ್ಲವನ್ನೂ ಹೇಳಿ, ಇದನ್ನು ನಾನು ಹೇಳಿದೆ ಎಂದು ಬರೆಯಬೇಡಿ ಎಂದು ಕೈಮುಗಿದಿದ್ದ.

ಆಗ ಅಕ್ಕಯ್ಯಮ್ಮ ಬಂದಳು. ಗಂಡಸರು ಕೂರುವ ಚಾವಡಿಗೆ ಆ ಮನೆಯ ಹೆಂಗಸು ಹತ್ತಿದ್ದನ್ನು ಕಂಡು ಹೊರಗೆ ನಿಂತವರೆಲ್ಲ ಮೆಟ್ಟಿಲ ಹತ್ತಿರಕ್ಕೆ ಬಂದರು. ಅವಳು ಸೆರಗು ಹೊದ್ದಿರಲಿಲ್ಲ. ಭಾವನ ಎದುರಿಗೇ ನಿಂತು, ಗಟ್ಟಿಯಾಗಿ, ತಡವರಿಸದೆ ಮಾತಾಡಿದಳು.

“ಮೇಷ್ಟ್ರೇ, ಆವತ್ತಿನ ಹಾಜರೀಲಿ ನನ್ ರುಜು ಐತೆ. ಅದನ್ನ ಹೊಡೆದಾಕಿ. ನಾನು ಆವತ್ತು ಹೋಗ್ಲಿಲ್ಲ ಅಂತ ಬರೀರಿ.”

ನರಸಿಂಹಪ್ಪ ಅವಳನ್ನು ಗದರಲಿಲ್ಲ. “ಸದಸ್ಯರು ಮಾತಾಡ್ತಾವ್ರೆ, ಕೇಳಿ ಮೇಷ್ಟ್ರೇ,” ಎಂದು ನನ್ನ ಕಡೆಗೆ ತಿರುಗಿದ. “ಆದ್ರೆ ಇದು ಸಭೆ ಅಲ್ವಲ್ಲ. ಏನಿದ್ರೂ ಬರೆದು ಕೊಡ್ಲಿ, ಮುಂದಿನ ಸಭೇಲಿ ಇಡಣ.”

ಸದಸ್ಯರು ಖುದ್ದಾಗಿ ಮಾಡಿದ ರುಜುವನ್ನು ಹೊಡೆದುಹಾಕುವುದು ಸುಳ್ಳು ದಾಖಲೆಯಾಗುತ್ತದೆ ಎಂದು ನಾನು ಹೇಳಿದೆ. ಹೇಳುತ್ತಿರುವಾಗಲೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು, ಪುಸ್ತಕ ನನ್ನ ತೊಡೆಯ ಮೇಲಿತ್ತು. ಆ ಒಂದು ಗೆರೆಗೆ ಎಷ್ಟು ಬಲವಿತ್ತು ಎಂಬುದು ಅಲ್ಲಿದ್ದವರಲ್ಲಿ ನನಗೆ, ನರಸಿಂಹಪ್ಪನಿಗೆ ಮತ್ತು ಅವಳಿಗೆ ಗೊತ್ತಿತ್ತು. ಅಲೀಪುರದಲ್ಲಿ ಓದಲು ಬಾರದ್ದಕ್ಕೆ ರುಜು ಹಾಕಿದ ಕೈ ಇಲ್ಲಿ ಧರ್ಮರಾಯನ ಕೈಯಾಗಿಬಿಟ್ಟಿತ್ತು. ಹನ್ನೆರಡು ವರ್ಷದ ನೌಕರಿ, ಮೂರು ಹೆಣ್ಣುಮಕ್ಕಳು, ಎದುರಿಗೆ ಕಾಗದ ಬರೆದು ಮೇಲಕ್ಕೆ ಕಳಿಸಬಲ್ಲ ನರಸಿಂಹಪ್ಪ. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ಒಂದೊಂದಾಗಿ ಹೇಳಿದಳು.

“ಏಳು ಜನ. ಕೋರಂ ನಾಲ್ಕು. ಆವತ್ತು ಸೇರಿದ್ದು ನನ್ನೂ ಸೇರಿ ನಾಲ್ಕು. ನಾನು ಮನೆ ಒಳಗೇ ಕೂತಿದ್ರೆ ಸಭೆ ಇಲ್ಲ, ನಿರ್ಣಯ ಇಲ್ಲ. ಓಬಳಮ್ಮ ಇರೋಳು. ಸರಿನಾ ಮೇಷ್ಟ್ರೇ?”

ಹಾಗೆಲ್ಲ ಅಂದುಕೊಳ್ಳಬೇಡಿ, ಅವರು ಇನ್ನೊಂದು ದಿನ ಸಭೆ ಕರೆಯುತ್ತಿದ್ದರು, ನಿಮ್ಮದೇನೂ ತಪ್ಪಿಲ್ಲ ಎಂದೆ. ಅದು ನಿಜವೂ ಇರಬಹುದು.

“ನಾನು ಕೇಳಿದ್ದು ಲೆಕ್ಕ ಸರಿನಾ ಅಂತ.”

ಸರಿ ಎಂದೆ. ಅವಳು ತಲೆಯಾಡಿಸಿ ಚಾವಡಿಯ ಮೆಟ್ಟಿಲಿಳಿದು ಹೋದಳು. ನಾನು ವರದಿಯಲ್ಲಿ ಆಕ್ಷೇಪಣೆ ದಾಖಲಾಗಿಲ್ಲ, ಕೋರಂ ಇತ್ತು ಎಂದು ಬರೆದು ರುಜು ಹಾಕಿದೆ.